ಪಾಂಡಾ ಮೇಲಿನ ಪ್ರೀತಿ ಮತ್ತು ಅದರ ಹೊಣೆ



ವನ್ಯಜೀವಿಗಳ ಬಗ್ಗೆ ವರ್ಷಕ್ಕೊಮ್ಮೆಯಾದರೂ ಊರಿನ ಜನರೆಲ್ಲ ಒಂದೆಡೆ ಕುಳಿತು ಯೋಚಿಸಬೇಕು ಎಂಬ ಆಸೆಯಿಂದ ಈ ಉಪನ್ಯಾಸದ ದತ್ತಿ ಹುಟ್ಟಿದೆ. 

ಇಂದು ನಾನು ಆರಿಸಿಕೊಂಡಿರುವ ವಿಷಯ ದೈತ್ಯ ಪಾಂಡಾ: ಮೃಗಾಲಯದಲ್ಲಿ ಅದು ಬಾಳಿದ ಬಾಳು, ಅದರ ಮೇಲೆ ಜಗತ್ತಿನ ಜನ ಇಟ್ಟುಕೊಂಡ ಮೋಹ. ನಮ್ಮ ದೇಶದ ಯಾವ ಮೃಗಾಲಯದಲ್ಲೂ ಈ ಪ್ರಾಣಿ ಇಲ್ಲ. ಆದರೂ ನಮ್ಮ ಮಕ್ಕಳ ಶಾಲಾಚೀಲದ ಮೇಲೆ, ಆಟಿಕೆಯಂಗಡಿಯ ಕಪಾಟಿನಲ್ಲಿ, ಮೊಬೈಲಿನ ಪರದೆಯಲ್ಲಿ ಅದು ದಿನವೂ ಕಾಣುತ್ತದೆ. ಕಣ್ಣಾರೆ ಕಾಣದ ಪ್ರಾಣಿಯೊಂದನ್ನು ಇಷ್ಟೊಂದು ಜನ ಇಷ್ಟೊಂದು ಪ್ರೀತಿಸಿದ ಉದಾಹರಣೆ ಇನ್ನೊಂದಿಲ್ಲ. ಹಾಗಾಗಿ, ನೋಡುಗರ ಪ್ರೀತಿ ಒಂದು ಕಾಡುಪ್ರಾಣಿಗೆ ಏನೇನು ಮಾಡಬಲ್ಲದು, ಯಾವುದನ್ನು ಕೊಡಬಲ್ಲದು, ಯಾವುದನ್ನು ಕಿತ್ತುಕೊಳ್ಳಬಲ್ಲದು ಎಂದು ತಿಳಿಯಲು ಪಾಂಡಾದ ಕಥೆಯನ್ನೇ ಓದಬೇಕು.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಪಾಂಡಾವನ್ನು ಪ್ರೀತಿಸಿದ್ದರಲ್ಲಿ ತಪ್ಪಿಲ್ಲ. ಆ ಪ್ರೀತಿ ಪ್ರಾಣಿಯ ಮುಖದಲ್ಲೇ ನಿಂತುಬಿಟ್ಟಾಗಲೆಲ್ಲ ಪ್ರಾಣಿ ಸೋತಿದೆ. ಅದು ಪ್ರಾಣಿಯ ಕಾಡಿನವರೆಗೆ ಹೋದಾಗ ಮಾತ್ರ ಗೆದ್ದಿದೆ.

ಕಾಡಿನಲ್ಲಿ ಅದು ಏನು

ಪಂಜರದ ಮಾತಿಗೆ ಮೊದಲು ಕಾಡಿನ ಮಾತು. ಚೀನಾದ ಸಿಚುವಾನ್, ಶಾನ್ಷಿ, ಗನ್ಸು ಪ್ರಾಂತ್ಯಗಳ ಬೆಟ್ಟಸಾಲುಗಳಲ್ಲಿ ಮಾತ್ರ ದೈತ್ಯ ಪಾಂಡಾ ಬದುಕುತ್ತದೆ. ಎತ್ತರದ, ಮಂಜು ಕವಿದ ಕಾಡು. ಮೇಲೆ ದೊಡ್ಡ ಮರಗಳು, ಅವುಗಳ ನೆರಳಿನಲ್ಲಿ ದಟ್ಟವಾಗಿ ಬೆಳೆದ ಬಿದಿರು. ಒಂದು ಕಾಲಕ್ಕೆ ತಗ್ಗಿನ ಬಯಲುಗಳಲ್ಲೂ ಓಡಾಡಿಕೊಂಡಿದ್ದ ಪ್ರಾಣಿ, ಬೇಸಾಯ ಹಬ್ಬಿದಂತೆಲ್ಲ ಮೇಲಕ್ಕೆ ಸರಿದು ಈಗ ಬೆಟ್ಟದ ನೆತ್ತಿಯ ಕಾಡುಗಳಲ್ಲಿ ಉಳಿದುಕೊಂಡಿದೆ.

ಅದು ಕರಡಿಯ ಕುಲದ್ದು. ಹಲ್ಲು, ದವಡೆ, ಹೊಟ್ಟೆ ಎಲ್ಲವೂ ಮಾಂಸಾಹಾರಿಗಳ ವಂಶದಿಂದ ಬಂದವು. ತಿನ್ನುವುದು ಮಾತ್ರ ಹೆಚ್ಚುಕಡಿಮೆ ಬರೀ ಬಿದಿರು. ದನದ ಹೊಟ್ಟೆಯಂತೆ ನಾರನ್ನು ಅರಗಿಸುವ ಏರ್ಪಾಡು ಅದಕ್ಕಿಲ್ಲ. ತಿಂದದ್ದರಲ್ಲಿ ಐದರಲ್ಲೊಂದು ಪಾಲು ಮೈಗೆ ಹತ್ತಿದರೆ ಹೆಚ್ಚು. ಆದ್ದರಿಂದ ದಿನದ ಹತ್ತು ಹನ್ನೆರಡು ತಾಸು ತಿನ್ನುತ್ತಲೇ ಇರಬೇಕು. ವಸಂತದಲ್ಲಿ ಕಳಲೆ, ಆಮೇಲೆ ಎಲೆ, ಚಳಿಗಾಲದಲ್ಲಿ ಗಟ್ಟಿ ಕಾಂಡ. ಋತುವಿಗೆ ತಕ್ಕಂತೆ ಬೆಟ್ಟವನ್ನು ಏರುತ್ತ ಇಳಿಯುತ್ತ ಬೇರೆ ಬೇರೆ ಜಾತಿಯ ಬಿದಿರು ಹುಡುಕುತ್ತದೆ. ಮುಂಗೈ ಮಣಿಕಟ್ಟಿನ ಒಂದು ಮೂಳೆ ಉದ್ದವಾಗಿ ಬೆಳೆದು ಹೆಬ್ಬೆರಳಿನ ಕೆಲಸ ಮಾಡುತ್ತದೆ. ಬಿದಿರಿನ ಕೋಲನ್ನು ಅದು ನಮ್ಮಂತೆಯೇ ಹಿಡಿದು ತಿನ್ನುವುದು ಇದರಿಂದಲೇ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅಷ್ಟು ದೊಡ್ಡ ಮೈಯ ಪ್ರಾಣಿ ಖರ್ಚು ಮಾಡಬೇಕಾದ ಶಕ್ತಿಯಲ್ಲಿ ಸುಮಾರು 38 ಶೇಕಡಾದಷ್ಟನ್ನು ಮಾತ್ರ ಪಾಂಡಾ ಖರ್ಚು ಮಾಡುತ್ತದೆ. ನಾವು ಮುದ್ದಾದ ಸೋಮಾರಿತನ ಎಂದು ನಗುವುದು ಅದರ ಪಾಲಿಗೆ ಹೊಟ್ಟೆಪಾಡಿನ ಲೆಕ್ಕಾಚಾರ.

ಬಿದಿರಿಗೆ ಇನ್ನೊಂದು ಗುಣವಿದೆ, ಅದನ್ನು ನಮ್ಮ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಹತ್ತಾರು ವರ್ಷಕ್ಕೊಮ್ಮೆ ಒಂದು ಜಾತಿಯ ಬಿದಿರೆಲ್ಲ ಒಟ್ಟಿಗೆ ಹೂಬಿಟ್ಟು, ಅಕ್ಕಿ ಉದುರಿಸಿ, ಒಣಗಿ ಸಾಯುತ್ತದೆ. 1970ರ ದಶಕದ ನಡುವಿನಲ್ಲಿ ಮಿನ್ ಬೆಟ್ಟಸಾಲಿನಲ್ಲಿ ಹಾಗಾದಾಗ ಕನಿಷ್ಠ 138 ಪಾಂಡಾಗಳ ಕಳೇಬರ ಸಿಕ್ಕವು. ಹಿಂದೆಲ್ಲ ಒಂದು ಬೆಟ್ಟದ ಬಿದಿರು ಸತ್ತರೆ ಪಾಂಡಾ ಮುಂದಿನ ಬೆಟ್ಟಕ್ಕೆ ಹೋಗುತ್ತಿತ್ತು. ಆ ಹೊತ್ತಿಗೆ ನಡುವೆ ಹೊಲ, ರಸ್ತೆ, ಊರು ಬಂದಿದ್ದವು. ಹೂವಿಗಿಂತ ಹೆಚ್ಚಾಗಿ ಅದನ್ನು ಕೊಂದದ್ದು ದಾರಿ ಇಲ್ಲದಿರುವಿಕೆ.

ಪಂಜರಕ್ಕೆ ಬಂದ ಬಗೆ

ಹೊರಗಿನ ವಿಜ್ಞಾನ ಲೋಕಕ್ಕೆ ಪಾಂಡಾದ ಪರಿಚಯವಾದದ್ದು 1869ರಲ್ಲಿ. ಅರ್ಮಾಂ ಡೇವಿಡ್ ಎಂಬ ಫ್ರೆಂಚ್ ಪಾದ್ರಿ ಸಿಚುವಾನ್‌ನ ಮನೆಯೊಂದರಲ್ಲಿ ಕಪ್ಪುಬಿಳಿ ತೊಗಲೊಂದನ್ನು ಕಂಡರು. ಕೆಲವೇ ದಿನಗಳಲ್ಲಿ ಬೇಟೆಗಾರರು ಅವರಿಗೆ ಪ್ರಾಣಿಯನ್ನೂ ತಂದುಕೊಟ್ಟರು. ತೊಗಲು ಪ್ಯಾರಿಸ್ಸಿಗೆ ಹೋಯಿತು. ಮುಂದೆ ಅರವತ್ತು ವರ್ಷ ಪಾಶ್ಚಾತ್ಯರ ಪಾಲಿಗೆ ಪಾಂಡಾ ಎಂದರೆ ಸಂಗ್ರಹಾಲಯದ ಸರಕು. 1929ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಇಬ್ಬರು ಮಕ್ಕಳು ಒಂದು ಪಾಂಡಾವನ್ನು ಗುಂಡಿಟ್ಟು ಕೊಂದು ಷಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿಗೆ ಕೊಟ್ಟರು. ಆಗ ಅದು ಸಾಹಸ ಎನಿಸಿಕೊಂಡಿತ್ತು.

ಏಳೇ ವರ್ಷದಲ್ಲಿ ಜನರ ಮನಸ್ಸು ತಿರುಗಿತು. ನ್ಯೂಯಾರ್ಕಿನ ರೂತ್ ಹಾರ್ಕ್‌ನೆಸ್ ಅವರ ಪತಿ ಪಾಂಡಾ ಹಿಡಿಯಲು ಚೀನಾಕ್ಕೆ ಹೋಗಿ ಅಲ್ಲೇ 1936ರಲ್ಲಿ ತೀರಿಕೊಂಡರು. ಉಡುಪಿನ ವಿನ್ಯಾಸಕಿಯಾಗಿದ್ದ, ಬೆಟ್ಟಗುಡ್ಡದ ಅನುಭವವೇ ಇಲ್ಲದ ಆಕೆ ಗಂಡನ ಕೆಲಸ ಮುಗಿಸುವೆನೆಂದು ಹೊರಟರು. ಆ ವರ್ಷದ ನವೆಂಬರಿನಲ್ಲಿ, ಕ್ವೆಂಟಿನ್ ಯಂಗ್ ಎಂಬ ತರುಣನ ನೆರವಿನಿಂದ, ಪೊಳ್ಳು ಮರವೊಂದರಲ್ಲಿ ಎಳೆಯ ಮರಿ ಸಿಕ್ಕಿತು. ಅದಕ್ಕೆ ಸು ಲಿನ್ ಎಂದು ಹೆಸರಿಟ್ಟು, ಬಾಟಲಿಯಲ್ಲಿ ಹಾಲು ಕುಡಿಸುತ್ತ, ತೋಳಿನಲ್ಲೆತ್ತಿಕೊಂಡು ಹಡಗಿನಲ್ಲಿ ಅಮೆರಿಕಕ್ಕೆ ತಂದರು. ಷಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಜನ ಮುಗಿಬಿದ್ದರು. ಪಾಂಡಾವನ್ನು ಕೊಂದಿದ್ದ ರೂಸ್‌ವೆಲ್ಟ್ ಸೋದರರಲ್ಲಿ ಹಿರಿಯರೇ ಮರಿಯನ್ನು ಎತ್ತಿಕೊಂಡು, ಇದನ್ನು ಕೊಲ್ಲಲು ಮನಸ್ಸು ಬಾರದು ಎಂಬ ಅರ್ಥದ ಮಾತಾಡಿದರೆಂದು ಆ ಕಾಲದ ವರದಿಗಳು ಹೇಳುತ್ತವೆ. ಪ್ರೀತಿಯ ಬಲ ಅಂಥದು. ಬಂದೂಕನ್ನು ಅದು ಇಳಿಸಿತು.

ಅದರ ಇನ್ನೊಂದು ಮುಖವೂ ಅದೇ ಕಥೆಯಲ್ಲಿದೆ. 1938ರ ವಸಂತದಲ್ಲಿ ಸು ಲಿನ್ ಸತ್ತಿತು. ಹೆಣ್ಣೆಂದು ಸಾಕಿದ್ದು ಗಂಡು ಎಂಬುದು ತಿಳಿದದ್ದು ಸತ್ತ ಮೇಲೆಯೇ. ಅಷ್ಟು ಜನ ನೋಡಿದ, ಅಷ್ಟು ಪತ್ರಿಕೆಗಳು ಬರೆದ ಪ್ರಾಣಿಯ ಬಗ್ಗೆ ನೋಡಿದವರಿಗೆ ತಿಳಿದಿದ್ದದ್ದು ಅಷ್ಟೇ. ಬೇಡಿಕೆ ಮಾತ್ರ ನಿಲ್ಲಲಿಲ್ಲ. ಫ್ಲಾಯ್ಡ್ ಟ್ಯಾಂಜಿಯರ್ ಸ್ಮಿತ್ ಎಂಬ ವ್ಯಾಪಾರಿ ಹಲವು ಪಾಂಡಾಗಳನ್ನು ಹಿಡಿಸಿ 1938ರಲ್ಲಿ ಲಂಡನ್ನಿಗೆ ಸಾಗಿಸಿದ. ಸಾಗಣೆಯಲ್ಲೇ ಸತ್ತವೂ ಇದ್ದವು. ಬದುಕಿದವುಗಳಲ್ಲಿ ಮಿಂಗ್ ಎಂಬ ಮರಿ ಲಂಡನ್ ಮೃಗಾಲಯದ ಕಣ್ಮಣಿಯಾಯಿತು. ಬಾಲಕಿಯರಾಗಿದ್ದ ರಾಜಕುಮಾರಿ ಎಲಿಜಬೆತ್ ಮತ್ತು ಮಾರ್ಗರೆಟ್ ಕೂಡ ನೋಡಲು ಬಂದರು. ಮಿಂಗ್ 1944ರ ಕೊನೆಯಲ್ಲಿ ತೀರಿಕೊಂಡಿತು.

ದೇಶದೇಶಗಳ ನಡುವೆ

ಪಾಂಡಾಕ್ಕೆ ಇಷ್ಟು ಆಕರ್ಷಣೆ ಇದೆ ಎಂದ ಮೇಲೆ ಸರ್ಕಾರಗಳು ಸುಮ್ಮನಿರುವುದುಂಟೇ? 1941ರಲ್ಲಿ ಚೀನಾದ ಅಂದಿನ ನಾಯಕ ಚಿಯಾಂಗ್ ಕೈ-ಷೆಕ್ ಅವರ ಪತ್ನಿ ಸೂಂಗ್ ಮೇ-ಲಿಂಗ್, ಯುದ್ಧದ ನಿರಾಶ್ರಿತರಿಗೆ ಅಮೆರಿಕದವರು ಕೊಟ್ಟ ನೆರವಿಗೆ ಕೃತಜ್ಞತೆಯಾಗಿ, ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ಎರಡು ಪಾಂಡಾಗಳನ್ನು ಕಳಿಸಿದರು. ಕಮ್ಯುನಿಸ್ಟ್ ಚೀನಾ ಅದೇ ದಾರಿಯನ್ನು ಹೆದ್ದಾರಿ ಮಾಡಿತು. 1957ರಲ್ಲಿ ಮಾಸ್ಕೋದಿಂದ ಮೊದಲುಗೊಂಡು 1982ರವರೆಗೆ ಒಂಬತ್ತು ದೇಶಗಳಿಗೆ 23 ಪಾಂಡಾಗಳು ಉಡುಗೊರೆಯಾಗಿ ಹೋದವು.

ನಡುವೆ ಚಿ-ಚಿ ಎಂಬ ಹೆಣ್ಣು ಪಾಂಡಾದ ಕಥೆ ಬರುತ್ತದೆ. ಚೀನಾದೊಡನೆ ವ್ಯಾಪಾರ ನಿಷೇಧಿಸಿದ್ದ ಅಮೆರಿಕ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 1958ರಲ್ಲಿ ಅದು ಲಂಡನ್ ಸೇರಿತು. 1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಹುಟ್ಟಿದಾಗ ಪೀಟರ್ ಸ್ಕಾಟ್ ಮತ್ತು ಗೆಳೆಯರು ರೂಪಿಸಿದ ಲಾಂಛನಕ್ಕೆ ಅದೇ ಸ್ಫೂರ್ತಿ. ಜಗತ್ತಿನ ಸಂರಕ್ಷಣೆಯ ಗುರುತೇ ಆದ ಆ ಪ್ರಾಣಿಗೆ ಒಂದು ಸಂಗಾತಿಯನ್ನು ಕೊಡಲು ನಮ್ಮಿಂದಾಗಲಿಲ್ಲ. ಅದನ್ನು ಮಾಸ್ಕೋಗೆ ಒಯ್ದರು, ಮಾಸ್ಕೋದ ಗಂಡು ಆನ್-ಆನ್‌ನನ್ನು ಲಂಡನ್ನಿಗೆ ತಂದರು, ಇಡೀ ಯುರೋಪಿನ ಪತ್ರಿಕೆಗಳು ಕಾದು ಕುಳಿತವು. ಎರಡೂ ಸಲ ಕೂಡಿಕೆಯಾಗಲಿಲ್ಲ. ಮನುಷ್ಯರ ನಡುವೆಯೇ ಬೆಳೆದ ಚಿ-ಚಿ 1972ರಲ್ಲಿ ಮರಿಯಿಲ್ಲದೆ ಸತ್ತಿತು. ಈಗ ಲಂಡನ್ನಿನ ಸಂಗ್ರಹಾಲಯದ ಗಾಜಿನ ಹಿಂದೆ ಅದರ ತೊಗಲು ನಿಂತಿದೆ.

ಅದೇ 1972ರಲ್ಲಿ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋಗಿಬಂದರು. ಏಪ್ರಿಲಿನಲ್ಲಿ ಲಿಂಗ್-ಲಿಂಗ್ ಮತ್ತು ಶಿಂಗ್-ಶಿಂಗ್ ವಾಷಿಂಗ್ಟನ್ನಿಗೆ ಬಂದಿಳಿದವು. ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಕ್ಟೋಬರಿನಲ್ಲಿ ಟೋಕಿಯೋದ ಉಯೆನೋ ಮೃಗಾಲಯಕ್ಕೆ ಕಾಂಗ್-ಕಾಂಗ್ ಮತ್ತು ಲಾನ್-ಲಾನ್ ಬಂದವು. ತಾಸುಗಟ್ಟಲೆ ಸಾಲಿನಲ್ಲಿ ನಿಂತ ಜನಕ್ಕೆ ಕ್ಷಣಮಾತ್ರದ ದರ್ಶನ ಸಿಕ್ಕಿತು.

ಉಯೆನೋ ಎಂದಾಗ ಕನ್ನಡಿಗರು ನೆನೆಯಬೇಕಾದ ಒಂದು ಸಂಗತಿ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಮೃಗಾಲಯದ ಆನೆಗಳನ್ನು ಸರ್ಕಾರದ ಅಪ್ಪಣೆಯ ಮೇರೆಗೆ ಉಪವಾಸ ಕೆಡವಿ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳು ತಮಗೊಂದು ಆನೆ ಬೇಕೆಂದು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. 1949ರಲ್ಲಿ ನೆಹರೂ ಇಂದಿರಾ ಎಂಬ ಹೆಣ್ಣಾನೆಯನ್ನು ಕಳಿಸಿಕೊಟ್ಟರು. ಅದು ಮೈಸೂರಿನ ಆನೆ. ಅದಕ್ಕೆ ಕನ್ನಡದ ಮಾತು ಮಾತ್ರ ತಿಳಿಯುತ್ತಿದ್ದುದರಿಂದ ಅಲ್ಲಿನ ಪಾಲಕರು ನಮ್ಮ ಮಾವುತರ ಬಳಿ ಕುಳಿತು ಆ ಮಾತುಗಳನ್ನು ಕಲಿತರು. ಪಾಂಡಾಗಳು ಬರುವುದಕ್ಕೆ ಇಪ್ಪತ್ತಮೂರು ವರ್ಷ ಮೊದಲು ಆ ಮಕ್ಕಳ ಕಣ್ಣಿಗೆ ಹಬ್ಬವಾದದ್ದು ನಮ್ಮ ಕಾಡಿನ ಆನೆ. ಪ್ರಾಣಿಯನ್ನು ರಾಜ್ಯಗಳ ನಡುವಿನ ಕಾಣಿಕೆಯಾಗಿಸಿದವರು ಚೀನೀಯರು ಮಾತ್ರವಲ್ಲ, ನಾವೂ ಹೌದು. ಆ ಪಾಲಕರು ಆನೆಗೆ ತಮ್ಮ ಮಾತು ಕಲಿಸುವ ಮೊದಲು ಅದರ ಮಾತನ್ನು ತಾವು ಕಲಿತದ್ದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಸೆರೆಯಲ್ಲಿರುವ ಪ್ರಾಣಿಗೆ ನಾವು ಸಲ್ಲಿಸಬೇಕಾದ ಮೊದಲ ಮರ್ಯಾದೆ ಅದು.

1980ರ ದಶಕದಲ್ಲಿ ಉಡುಗೊರೆ ಹೋಗಿ ಬಾಡಿಗೆ ಬಂತು. ಕೆಲವು ತಿಂಗಳ ಮಟ್ಟಿಗೆ ಪಾಂಡಾಗಳನ್ನು ಊರಿಂದೂರಿಗೆ ಒಯ್ದು ತೋರಿಸುವ ವ್ಯವಹಾರ ಶುರುವಾಯಿತು. ಮರಿ ಹಾಕುವ ವಯಸ್ಸಿನ ಪ್ರಾಣಿಗಳು ಪ್ರದರ್ಶನದಲ್ಲಿ ಸುತ್ತಾಡತೊಡಗಿದವು. ಇದನ್ನು ಬಲವಾಗಿ ವಿರೋಧಿಸಿದವರಲ್ಲಿ ಜಾರ್ಜ್ ಶಾಲರ್ ಒಬ್ಬರು. ನಮ್ಮ ಕಾನ್ಹಾದ ಕಾಡಿನಲ್ಲಿ ಹುಲಿ ಮತ್ತು ಜಿಂಕೆಗಳನ್ನು ಅಧ್ಯಯನ ಮಾಡಿದ ಅದೇ ಶಾಲರ್, 1980ರಿಂದ ಚೀನಾದ ಹು ಜಿನ್‌ಚು ಅವರೊಡನೆ ವೋಲಾಂಗ್ ಬೆಟ್ಟಗಳಲ್ಲಿ ಕಾಡುಪಾಂಡಾಗಳ ಬೆನ್ನು ಹತ್ತಿದ್ದರು. ಕೊನೆಗೆ ವಿಶ್ವ ವನ್ಯಜೀವಿ ನಿಧಿ ಮತ್ತು ಅಮೆರಿಕದ ಮೃಗಾಲಯಗಳ ಸಂಘ 1988ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವು. ಕ್ರಮೇಣ ಅಲ್ಪಾವಧಿಯ ಬಾಡಿಗೆ ನಿಂತು, ಹತ್ತು ವರ್ಷದ ಒಪ್ಪಂದಗಳು ಬಂದವು. ಒಂದು ಜೋಡಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿನವರೆಗೆ ಶುಲ್ಕ. ಹುಟ್ಟಿದ ಮರಿಯೂ ಚೀನಾದ್ದೇ. ಮೆಕ್ಸಿಕೊ ನಗರದ ಚಾಪುಲ್ಟೆಪೆಕ್ ಮೃಗಾಲಯದಲ್ಲಿ 1990ರಲ್ಲಿ ಹುಟ್ಟಿದ ಶಿನ್-ಶಿನ್ ಇದಕ್ಕೆ ಹೊರತು. ಅದು 1975ರಲ್ಲಿ ಉಡುಗೊರೆಯಾಗಿ ಬಂದ ಜೋಡಿಯ ಮೊಮ್ಮಗಳು.

ಈ ಬಾಡಿಗೆ ಏರ್ಪಾಡಿನ ಭಾರ ಸಣ್ಣದಲ್ಲ. ಫಿನ್ಲೆಂಡಿನ ಆಹ್ತಾರಿ ಮೃಗಾಲಯ ಎಂಬತ್ತು ಲಕ್ಷ ಯೂರೋ ಸುರಿದು ಪಾಂಡಾಮನೆ ಕಟ್ಟಿತು. ವರ್ಷಕ್ಕೆ ಹದಿನೈದು ಲಕ್ಷ ಯೂರೋ ಖರ್ಚು ತಾಳಲಾರದೆ, 2018ರಲ್ಲಿ ಬಂದ ಜೋಡಿಯನ್ನು 2024ರ ನವೆಂಬರಿನಲ್ಲಿ, ಒಪ್ಪಂದ ಮುಗಿಯಲು ಇನ್ನೂ ಹಲವು ವರ್ಷವಿರುವಾಗಲೇ, ಹಿಂದಕ್ಕೆ ಕಳಿಸಿತು.

ಮರಿಗಾಗಿ ಪಟ್ಟ ಪಾಡು

ಪಂಜರದ ಪಾಂಡಾ ಮರಿ ಹಾಕುವುದಿಲ್ಲ ಎಂಬುದು ಬಹಳ ಕಾಲ ಗಾದೆಯೇ ಆಗಿತ್ತು. 1963ರಲ್ಲಿ ಬೀಜಿಂಗ್ ಮೃಗಾಲಯದಲ್ಲಿ ಮೊದಲ ಮರಿ ಹುಟ್ಟಿತು. 1978ರಲ್ಲಿ ಅಲ್ಲೇ ಕೃತಕ ಗರ್ಭಧಾರಣೆ ಫಲಿಸಿತು. ಉಳಿದೆಡೆ ನಿರಾಸೆಯೇ ಹೆಚ್ಚು. ವಾಷಿಂಗ್ಟನ್ನಿನ ಲಿಂಗ್-ಲಿಂಗ್ ಐದು ಮರಿ ಹಾಕಿತು, ಒಂದೂ ಕೆಲವು ದಿನಕ್ಕಿಂತ ಹೆಚ್ಚು ಬದುಕಲಿಲ್ಲ.

ಹೆಣ್ಣು ಪಾಂಡಾ ಬೆದೆಗೆ ಬರುವುದು ವರ್ಷಕ್ಕೊಮ್ಮೆ, ಗರ್ಭ ಕಟ್ಟುವ ಅವಕಾಶ ಒಂದೆರಡು ದಿನ. ಹುಟ್ಟುವ ಮರಿ ಸುಮಾರು ನೂರು ಗ್ರಾಮು, ತಾಯಿಯ ತೂಕದ ಒಂಬೈನೂರರಲ್ಲಿ ಒಂದು ಪಾಲು. ಕೂದಲಿಲ್ಲ, ಕಣ್ಣು ತೆರೆದಿಲ್ಲ. ಹೆರಿಗೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅವಳಿ. ತಾಯಿ ಸಾಮಾನ್ಯವಾಗಿ ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಕೈಬಿಡುತ್ತದೆ. ಚೀನಾದ ಪಾಲಕರು ಇದಕ್ಕೊಂದು ಉಪಾಯ ಕಂಡುಕೊಂಡರು. ಒಂದು ಮರಿ ತಾಯಿಯ ಮಡಿಲಲ್ಲಿದ್ದಾಗ ಇನ್ನೊಂದು ಬೆಚ್ಚನೆಯ ಪೆಟ್ಟಿಗೆಯಲ್ಲಿ. ದಿನಕ್ಕೆ ಹಲವು ಸಲ ಅದಲುಬದಲು. ಎರಡಕ್ಕೂ ತಾಯಿಹಾಲು, ಎರಡಕ್ಕೂ ತಾಯಿಯ ಮೈಬಿಸಿ. ಹಗಲಿರುಳು ನಿದ್ದೆಗೆಟ್ಟು ಈ ಕೆಲಸ ಮಾಡಿದ ಪಾಲಕರ ಹೆಸರು ಜಗತ್ತಿಗೆ ಗೊತ್ತಿಲ್ಲ. ಅವರಿಗೆ ತಲೆಬಾಗಲೇಬೇಕು. ಕಾಡಿನಿಂದ ತಂದ ಆರು ಪಾಂಡಾಗಳಿಂದ 1987ರಲ್ಲಿ ಶುರುವಾದ ಚೆಂಗ್ಡು ಕೇಂದ್ರದಲ್ಲಿ ಇಂದು ನೂರಾರು ಪಾಂಡಾಗಳಿವೆ. ಜಗತ್ತಿನಾದ್ಯಂತ ಸೆರೆಯಲ್ಲಿರುವ ಪಾಂಡಾಗಳು 700ಕ್ಕೂ ಹೆಚ್ಚು.

ಈ ಯಶಸ್ಸನ್ನು ಎರಡು ಮಾತಿನಿಂದ ತೂಗಬೇಕು. ಮೊದಲನೆಯದು, ಪ್ರಾಣಿಯ ಇಷ್ಟಾನಿಷ್ಟ. ವಂಶಾವಳಿ ನೋಡಿ ನಾವು ಗಂಟು ಹಾಕಿದ ಜೋಡಿಗಳಿಗಿಂತ, ಪರಸ್ಪರ ಒಲಿದ ಜೋಡಿಗಳು ಹೆಚ್ಚಾಗಿ ಕೂಡಿ ಹೆಚ್ಚು ಮರಿ ಹಾಕುತ್ತವೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಅಷ್ಟು ವರ್ಷ ನಾವು ಪಾಂಡಾವನ್ನು ಬಂಜೆ ಎಂದು ದೂರಿದ್ದೆವು. ಆಯ್ಕೆಯನ್ನೇ ಕೊಡದೆ ಇಟ್ಟಿದ್ದ ನಮ್ಮ ಕಡೆ ತಿರುಗಿ ನೋಡಿರಲಿಲ್ಲ.

ಎರಡನೆಯದು, ಮರಳಿ ಕಾಡಿಗೆ ಹೋದ ಪ್ರಾಣಿಗಳ ಲೆಕ್ಕ. 2006ರಲ್ಲಿ ಮೊದಲ ಬಾರಿಗೆ ಕಾಡಿಗೆ ಬಿಟ್ಟ ಶಿಯಾಂಗ್-ಶಿಯಾಂಗ್ ವರ್ಷ ತುಂಬುವ ಮೊದಲೇ ಸತ್ತಿತು. ಅದರಿಂದ ಪಾಠ ಕಲಿತು, ತಾಯಿಯೊಡನೆ ಬೇಲಿ ಹಾಕಿದ ಕಾಡಿನಲ್ಲೇ ಮರಿ ಬೆಳೆಸಿ, ಪಾಲಕರು ಪಾಂಡಾ ವೇಷ ತೊಟ್ಟು, ಮನುಷ್ಯನ ಮುಖವೇ ತೋರಿಸದೆ ತಯಾರು ಮಾಡಿದರು. 2012ರಲ್ಲಿ ಹಾಗೆ ಬಿಟ್ಟ ತಾವ್-ತಾವ್ ಬದುಕಿ ಉಳಿಯಿತು. ಆದರೂ ಇವತ್ತಿನವರೆಗೆ ಬಿಡುಗಡೆಯಾದವು ಹತ್ತು ಹನ್ನೆರಡು ಮಾತ್ರ. ಸೆರೆಯಲ್ಲಿ ಏಳುನೂರು ಎಲ್ಲಿ, ಕಾಡಿಗೆ ಹನ್ನೆರಡು ಎಲ್ಲಿ! 1990ರ ದಶಕದಿಂದೀಚೆಗೆ ಕಾಡಿಗೆ ಬಿಟ್ಟವುಗಳಿಗಿಂತ ಕಾಡಿನಿಂದ ತಂದವೇ ಹೆಚ್ಚು ಎಂದು ನ್ಯೂಯಾರ್ಕ್ ಟೈಮ್ಸ್ 2024ರಲ್ಲಿ ದಾಖಲೆಗಳನ್ನು ಆಧರಿಸಿ ವರದಿ ಮಾಡಿತು. ಪಂಜರ ತುಂಬಿದ ಮಾತ್ರಕ್ಕೆ ಸಂತತಿ ಉಳಿಯಿತು ಎಂದು ನಾವು ಸಮಾಧಾನಪಡಬಾರದು.

ನಾವೇಕೆ ಮನಸೋಲುತ್ತೇವೆ

ಇನ್ನು ನಮ್ಮ ವಿಚಾರ. ದುಂಡು ಮುಖ, ದೊಡ್ಡ ಹಣೆ, ದೊಡ್ಡದಾಗಿ ಕಾಣುವ ಕಣ್ಣು, ತುಂಬು ಕೆನ್ನೆ, ಎಡವುವ ನಡಿಗೆ: ಎಳೆಯ ಮಗುವಿನ ಈ ಲಕ್ಷಣಗಳು ದೊಡ್ಡವರಲ್ಲಿ ಪೊರೆಯುವ ಭಾವವನ್ನು ಎಬ್ಬಿಸುತ್ತವೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲಿ ವಿವರಿಸಿದರು. ಪಾಂಡಾದ ಕಣ್ಣು ನಿಜಕ್ಕೂ ಸಣ್ಣದು. ಸುತ್ತಲ ಕಪ್ಪು ಮಚ್ಚೆ ಅದನ್ನು ದೊಡ್ಡದು ಮಾಡುತ್ತದೆ. ಕೆನ್ನೆಯ ತುಂಬು ಬಿದಿರು ಅಗಿಯುವ ಸ್ನಾಯುಗಳದ್ದು. ಲಂಡನ್ ಮೃಗಾಲಯದಲ್ಲಿದ್ದ ಡೆಸ್ಮಂಡ್ ಮಾರಿಸ್, ಪತ್ನಿ ರಮೋನಾ ಅವರೊಡನೆ 1966ರಲ್ಲಿ ಬರೆದ ಪುಸ್ತಕದಲ್ಲಿ, ಪಾಂಡಾ ನಮ್ಮಂತೆ ನೆಟ್ಟಗೆ ಕೂರುವುದನ್ನು, ಕೈಯಲ್ಲಿ ಹಿಡಿದು ತಿನ್ನುವುದನ್ನು ಈ ಆಕರ್ಷಣೆಯ ಕಾರಣಗಳಲ್ಲಿ ಸೇರಿಸಿದರು.

ಈ ಮೋಹ ಸುಳ್ಳಲ್ಲ, ಹಗುರವೂ ಅಲ್ಲ. ದಕ್ಷಿಣ ಕೊರಿಯಾದಲ್ಲಿ 2020ರ ಜುಲೈಯಲ್ಲಿ ಫು ಬಾವ್ ಎಂಬ ಮರಿ ಹುಟ್ಟಿದಾಗ ಅಲ್ಲಿನ ಜನ ಕೊರೋನಾದಿಂದ ಮನೆಯೊಳಗೆ ಮುದುಡಿದ್ದರು. ಪಾಲಕ ಕಾಂಗ್ ಚೆರ್-ವೊನ್ ಅವರ ಕಾಲನ್ನು ತಬ್ಬಿ ಹಿಡಿದ ಮರಿಯ ದೃಶ್ಯ ಕೋಟ್ಯಂತರ ಜನರಿಗೆ ಸಮಾಧಾನ ಕೊಟ್ಟಿತು. 2024ರ ಏಪ್ರಿಲ್ 3ರಂದು ಅದು ಚೀನಾಕ್ಕೆ ಹೊರಟಾಗ ಸಾವಿರಾರು ಮಂದಿ ಮಳೆಯಲ್ಲಿ ನಿಂತು ಕಣ್ಣೀರಿಟ್ಟರು. ಹಿಂದಿನ ದಿನವಷ್ಟೇ ತಾಯಿಯನ್ನು ಕಳೆದುಕೊಂಡಿದ್ದ ಕಾಂಗ್, ಮರಿಯ ಜೊತೆ ಚೀನಾದವರೆಗೂ ಹೋಗಿ ಬಿಟ್ಟುಬಂದರು. ಇಂಥ ಬಾಂಧವ್ಯವನ್ನು ಹುಚ್ಚಾಟ ಎನ್ನುವವರು ಮನುಷ್ಯನ ಮನಸ್ಸನ್ನು ಅರಿತವರಲ್ಲ.

ಆದರೆ ಪರದೆಯ ಮೇಲಿನ ಪ್ರೀತಿಗೆ ಅವಸರ ಹೆಚ್ಚು. ಅಮೆರಿಕದ ಮೆಂಫಿಸ್ ಮೃಗಾಲಯದಲ್ಲಿ ಎರಡು ದಶಕ ಕಳೆದ ಯಾ-ಯಾ ಎಂಬ ಮುದಿ ಪಾಂಡಾದ ಕೂದಲು ಉದುರಿ, ಮೈ ಬಡಕಲಾದ ಚಿತ್ರಗಳು ಹರಿದಾಡಿದಾಗ ಚೀನಾದ ಜನ ಕೆರಳಿದರು. ಅದಕ್ಕೆ ಹಳೆಯ ಚರ್ಮದ ತೊಂದರೆಯಿದೆ, ಆರೈಕೆ ಚೆನ್ನಾಗಿಯೇ ಇದೆ ಎಂದು ಎರಡೂ ದೇಶದ ತಜ್ಞರು ಹೇಳಿದರೂ ಸಿಟ್ಟು ತಣಿಯಲಿಲ್ಲ. 2023ರ ಏಪ್ರಿಲಿನಲ್ಲಿ ಯಾ-ಯಾ ತಾಯ್ನಾಡಿಗೆ ಮರಳಿತು. ಮುದ್ದಾಗಿಲ್ಲದ ಮುಪ್ಪನ್ನು ನೋಡಲು ನಾವು ಸಿದ್ಧರಿರಲಿಲ್ಲ.

ನೋಡುವ ಹವ್ಯಾಸವೇ ಅರಿವಿನ ದಾರಿಯೂ ಆಗಬಹುದು ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಜನರ ಖುಷಿಗಾಗಿ ಮೃಗಾಲಯಗಳು ಹಾಕಿದ ನೇರಪ್ರಸಾರದ ಕ್ಯಾಮೆರಾಗಳನ್ನೇ ಬಳಸಿ, ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಮೃಗಾಲಯಗಳ 11 ಪಾಂಡಾಗಳನ್ನು ಒಂದು ವರ್ಷ ಗಮನಿಸಿದರು. ತಾಯ್ನೆಲದ ಅಕ್ಷಾಂಶದಿಂದ ದೂರದಲ್ಲಿ, ಬೇರೆ ಬಗೆಯ ಹಗಲು ಮತ್ತು ಚಳಿಯಲ್ಲಿ ಇರುವ ಪಾಂಡಾಗಳ ದಿನಚರಿ ಏರುಪೇರಾಗುತ್ತದೆ, ಅವು ಅತ್ತಿಂದಿತ್ತ ತಿರುಗುವಂಥ ಅಸಹಜ ವರ್ತನೆ ತೋರಬಹುದು ಎಂದು 2023ರಲ್ಲಿ ಪ್ರಕಟಿಸಿದರು. ಅದೇ ಕ್ಯಾಮೆರಾ, ಅದೇ ಪ್ರಾಣಿ. ಲಕ್ಷಾಂತರ ಜನರಿಗೆ ಮನರಂಜನೆಯಾಗಿದ್ದ ದೃಶ್ಯ, ತಾಳ್ಮೆಯಿಂದ ನೋಡಿದವರಿಗೆ ಪ್ರಾಣಿಯ ಅಹವಾಲಾಗಿ ಕಂಡಿತು.

ಉಳಿಸಿದ್ದು ಯಾವುದು

ಕಾಡಿನ ಪಾಂಡಾ ಇಂದು ಉಳಿದಿದ್ದರೆ ಅದಕ್ಕೆ ಮುಖ್ಯ ಕಾರಣ ಪಂಜರದ ಹೊರಗೆ ನಡೆದ ಕೆಲಸ. 1998ರಲ್ಲಿ ಯಾಂಗ್ತ್ಸೆ ನದಿಯ ಭೀಕರ ನೆರೆ ಸಾವಿರಾರು ಜೀವಗಳನ್ನು ನುಂಗಿತು. ಮೇಲ್ಕಣಿವೆಯ ಕಾಡು ಬೋಳಾದದ್ದೇ ಇದಕ್ಕೊಂದು ಕಾರಣವೆಂದು ಮನಗಂಡ ಸರ್ಕಾರ ನೈಸರ್ಗಿಕ ಕಾಡುಗಳಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು. ಇಳಿಜಾರಿನ ಹೊಲಗಳನ್ನು ಮತ್ತೆ ಕಾಡಾಗಿಸಿದ ರೈತರಿಗೆ ಧಾನ್ಯ ಮತ್ತು ಹಣ ಕೊಟ್ಟಿತು. ಪಾಂಡಾ ಕೊಂದವರಿಗೆ ಕಠಿಣ ಶಿಕ್ಷೆ ಮೊದಲೇ ಇತ್ತು. ರಕ್ಷಿತ ಕಾಡುಗಳ ಸಂಖ್ಯೆ ಹೆಚ್ಚಾಯಿತು. 1980ರ ದಶಕದ ಗಣತಿಯಲ್ಲಿ 1,114 ಎಂದು ಕಂಡ ಕಾಡುಪಾಂಡಾಗಳು 2003ರ ಹೊತ್ತಿಗೆ 1,596, 2014ಕ್ಕೆ 1,864. 2016ರಲ್ಲಿ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪಾಂಡಾ ‘ಅಳಿವಿನಂಚಿನ’ ಗುಂಪಿನಿಂದ ‘ಅಪಾಯಕ್ಕೆ ಈಡಾಗಬಲ್ಲ’ ಗುಂಪಿಗೆ ಒಂದು ಮೆಟ್ಟಿಲು ಮೇಲೇರಿತು. ಚದುರಿದ ಕಾಡುಗಳನ್ನು ಬೆಸೆಯಲು 2021ರಲ್ಲಿ ದೈತ್ಯ ಪಾಂಡಾ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು.

ಇಲ್ಲಿ ಜನರ ಪ್ರೀತಿಗೂ ಪಾಲಿದೆ. ಪಾಂಡಾದ ಹೆಸರಿಲ್ಲದಿದ್ದರೆ ಇಷ್ಟು ಹಣ, ಇಷ್ಟು ಕಾಡು, ಇಷ್ಟು ಕಾಯಿದೆ ಬರುತ್ತಿರಲಿಲ್ಲ. ಅದೇ ಬೆಟ್ಟಗಳ ಎಷ್ಟೋ ಹಕ್ಕಿ, ಕಪ್ಪೆ, ಗಿಡಗಳಿಗೆ ಅದರ ನೆರಳು ಸಿಕ್ಕಿತು. ಎಲ್ಲಕ್ಕೂ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಪಾಂಡಾಗಾಗಿ ಕಾಯ್ದಿಟ್ಟ ಕಾಡುಗಳನ್ನು ಹಳೆಯ ದಾಖಲೆಗಳೊಂದಿಗೆ ಹೋಲಿಸಿದ 2020ರ ಅಧ್ಯಯನದ ಪ್ರಕಾರ, ಅವುಗಳಲ್ಲಿ 81 ಶೇಕಡಾ ಕಾಡುಗಳಿಂದ ಚಿರತೆ, 77 ಶೇಕಡಾದಿಂದ ತೋಳ, 38 ಶೇಕಡಾದಿಂದ ಹಿಮಚಿರತೆ, 95 ಶೇಕಡಾದಿಂದ ಸೀಳುನಾಯಿ ಕಣ್ಮರೆಯಾಗಿವೆ. ನಾಗರಹೊಳೆ, ಬಂಡೀಪುರಗಳಲ್ಲಿ ಇಂದಿಗೂ ಹಿಂಡು ಕಟ್ಟಿ ಓಡುವ ನಮ್ಮ ಸೀಳುನಾಯಿಯ ಜಾತಿಯೇ ಅದು. ಒಂದು ಮುಖವನ್ನು ನೋಡುತ್ತ ಕುಳಿತ ಜಗತ್ತಿಗೆ ಅದರ ನೆರೆಹೊರೆ ಖಾಲಿಯಾದದ್ದು ಕಾಣಲಿಲ್ಲ.

ನಮ್ಮ ಪಾಲಿನ ಕೆಲಸ

ಮಿತ್ರರೇ, ಪಾಂಡಾದ ಕಥೆಯಿಂದ ಕನ್ನಡ ನಾಡಿನವರು ಕಲಿಯಬೇಕಾದದ್ದು ಏನು?

ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂದು ಪಾಂಡಾ ಇರುವ ಗುಂಪಿನಲ್ಲೇ ನಮ್ಮ ಕರಡಿಯೂ ಇದೆ. ಅದೇ ಕುಲದ, ಗೆದ್ದಲು, ಜೇನು, ಕಾಡುಹಣ್ಣು ತಿಂದು, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಕಪ್ಪು ಕರಡಿ. ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುವುದನ್ನು ನಮ್ಮಲ್ಲಿ ಹಿರಿಯರೆಲ್ಲ ನೋಡಿದ್ದಾರೆ. ಆ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ಸಿಕ್ಕಿತು, ಬೀದಿಯ ಕುಣಿತ ನಿಂತಿತು. 1994ರಲ್ಲಿ ದರೋಜಿಯ ಕಲ್ಲುಬಂಡೆಗಳ ನಡುವೆ ಕರಡಿಗಾಗಿಯೇ ಒಂದು ಧಾಮ ಬಂತು. ಇವು ನಮ್ಮ ಹೆಮ್ಮೆಯ ಕೆಲಸಗಳು. ಆದರೆ ಪಾಂಡಾದ ಬೊಂಬೆ ಕೇಳುವ ಎಷ್ಟು ಮಕ್ಕಳಿಗೆ ದರೋಜಿಯ ಹೆಸರು ಗೊತ್ತು? ಅದನ್ನು ಹೇಳಿಕೊಡದೆ ಹೋದದ್ದು ಮಕ್ಕಳ ತಪ್ಪಲ್ಲ.

ಆದ್ದರಿಂದ ಮೂರು ಬೇಡಿಕೆಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಮೈಸೂರಿನ ಮೃಗಾಲಯಕ್ಕೆ ಹೋಗಲಿ, ಬನ್ನೇರುಘಟ್ಟಕ್ಕೆ ಹೋಗಲಿ, ಎದುರಿಗಿರುವ ಪ್ರಾಣಿಯನ್ನು ಕರೆದು, ಕೂಗಿ, ಎಬ್ಬಿಸಿ ನಮಗೆ ಬೇಕಾದಂತೆ ಕುಣಿಸಲು ಹೋಗಬೇಡಿ. ಹತ್ತು ನಿಮಿಷ ಸುಮ್ಮನೆ ನಿಂತು ಅದು ಏನು ಮಾಡುತ್ತಿದೆ ಎಂದು ನೋಡಿ. ಮಲಗಿದ ಪ್ರಾಣಿಗೆ ಮಲಗುವ ಹಕ್ಕಿದೆ.

ಎರಡು, ಮೃಗಾಲಯದವರನ್ನು ಗೌರವದಿಂದ, ಆದರೆ ಬಿಡದೆ ಪ್ರಶ್ನಿಸಿ. ಈ ಪ್ರಾಣಿಗೆ ಮರೆಯಾಗಿ ಕೂರಲು ಜಾಗವಿದೆಯೇ? ಇಲ್ಲಿ ಮರಿ ಮಾಡಿಸುವುದು ಯಾಕಾಗಿ? ಇದರ ಕಾಡಿಗಾಗಿ ಈ ಸಂಸ್ಥೆ ಏನು ಮಾಡುತ್ತಿದೆ? ಟಿಕೆಟ್ಟು ಕೊಂಡ ಪ್ರತಿಯೊಬ್ಬರಿಗೂ ಇದನ್ನು ಕೇಳುವ ಅಧಿಕಾರವಿದೆ.

ಮೂರು, ನಿಮ್ಮ ಮಗುವಿಗೆ ಇಷ್ಟವಾದ ಪ್ರಾಣಿ ಯಾವುದೇ ಇರಲಿ, ಅದರ ಊಟ ಯಾವುದು, ಅದರ ಕಾಡು ಎಲ್ಲಿದೆ, ಆ ಕಾಡಿನಲ್ಲಿ ಅದರ ಜೊತೆಗೆ ಇನ್ನಾರಿದ್ದಾರೆ ಎಂದು ಕಲಿಸಿ. ಆ ಮಗು ದೊಡ್ಡದಾಗಿ ತನ್ನೂರಿನ ಪಕ್ಕದ ಕಾಡಿನ ನಡುವೆ ರಸ್ತೆ ಹಾಯುತ್ತದೆ ಎಂಬ ಸುದ್ದಿ ಕೇಳಿದ ದಿನ ಈ ಪಾಠ ಕೆಲಸಕ್ಕೆ ಬರುತ್ತದೆ.

ಪಾಂಡಾವನ್ನು ಅಳಿವಿನಿಂದ ಒಂದು ಮೆಟ್ಟಿಲು ಮೇಲೆತ್ತಿದ್ದು ಮರ ಕಡಿಯುವುದನ್ನು ನಿಲ್ಲಿಸಿದ ಒಂದು ತೀರ್ಮಾನ. ಅಂಥ ತೀರ್ಮಾನಗಳನ್ನು ಸರ್ಕಾರಗಳು ತಾವಾಗಿ ಕೈಗೊಳ್ಳುವುದು ಅಪರೂಪ; ಜನ ಒತ್ತಾಯಿಸಬೇಕು. ನಮ್ಮ ಕರಡಿಗಾಗಿ, ಸೀಳುನಾಯಿಗಾಗಿ, ಅವುಗಳ ಕಾಡಿಗಾಗಿ ನೀವು ಒತ್ತಾಯಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.